ಪಾಸ್‌ಪೋರ್ಟ್‌ನಲ್ಲಿ ನಿಮ್ಮ ಹೆಸರೇನು? ವಿದೇಶಕ್ಕೆ ಹೊರಡೋ ಮುಂಚೆ ದಾಖಲೆ ಜೋಡಿಸೋದು ಹೀಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ರಾತ್ರಿ ಮಲಗೋ ಮುಂಚೆ ಕೇಳ್ತಿದ್ದೀರೋ ಗೊತ್ತಿಲ್ಲ. ಆದ್ರೆ ಇವತ್ತಿನ ಸಂಚಿಕೆ ಕೇಳಿ ಮುಗಿಸಿದ ಮೇಲೆ ಮನೆಯ ಬೀರು ತೆಗೆದು ಒಂದೆರಡು ಕಾಗದ ಹುಡುಕಬೇಕಾಗತ್ತೆ, ಅದಕ್ಕೆ ರೆಡಿಯಾಗಿರಿ.

ವಿಷಯ ಇಷ್ಟೇ. ಮೊದಲ ಸಲ ವಿದೇಶಕ್ಕೆ ಹೊರಟಿರೋರು ಯಾವ ದಾಖಲೆ ಇಟ್ಟುಕೊಳ್ಳಬೇಕು? ಓದೋಕೆ ಜರ್ಮನಿಗೆ ಹೊರಟವರು, ಕೆಲಸಕ್ಕೆ ದುಬೈಗೆ ಹೊರಟವರು, ಗೆಳೆಯರ ಜೊತೆ ಥಾಯ್ಲೆಂಡ್ ಟ್ರಿಪ್ ಹಾಕಿರೋರು, ಇವರೆಲ್ಲ ಕೇಳೋದು ‘ಲಿಸ್ಟ್ ಕೊಡಿ’ ಅಂತ. ಲಿಸ್ಟ್ ಎಲ್ಲಾ ಕಡೆ ಸಿಗತ್ತೆ. ಲಿಸ್ಟ್‌ನಲ್ಲಿರೋ ಎಲ್ಲಾ ಕಾಗದ ಫೈಲ್‌ನಲ್ಲಿದ್ದೂ ವಿಮಾನ ಹತ್ತೋಕೆ ಆಗದೆ ವಾಪಸ್ ಬಂದವರಿದ್ದಾರೆ. ಯಾಕೆ ಅಂದ್ರೆ ಕಾಗದಗಳು ಒಂದಕ್ಕೊಂದು ಒಪ್ಪಿಕೊಳ್ಳಲಿಲ್ಲ. ಒಂದರಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ಅದಕ್ಕೇ ನಾನು ಇವತ್ತು ಹೇಳೋದು ಮುಖ್ಯವಾಗಿ ಒಂದೇ ಮಾತು: ನಿಮ್ಮ ಎಲ್ಲಾ ಕಾಗದದಲ್ಲೂ ನೀವು ಒಬ್ಬರೇ ಆಗಿರಬೇಕು. ಬನ್ನಿ, ಶುರು ಮಾಡೋಣ.

ಮೊದಲು ತಡೆಯೋರು ಯಾರು?

ತುಂಬಾ ಜನ ಇಮಿಗ್ರೇಷನ್ ಅಧಿಕಾರಿ ಅಂದ್ರೆ ಹೆದರ್ತಾರೆ. ಆದ್ರೆ ಅವರಿಗಿಂತ ಮುಂಚೆ ನಿಮ್ಮ ದಾಖಲೆ ನೋಡೋರು ವಿಮಾನ ಕಂಪನಿಯ ಚೆಕ್-ಇನ್ ಕೌಂಟರಿನವರು. ಅವರ ಕಂಪ್ಯೂಟರಲ್ಲಿ ಟಿಮ್ಯಾಟಿಕ್ ಅಂತ ಒಂದು ವ್ಯವಸ್ಥೆ ಇರತ್ತೆ. ಜಗತ್ತಿನ ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ ನಡೆಸೋ ಮಾಹಿತಿಕೋಶ ಅದು. ನಿಮ್ಮ ದೇಶ ಯಾವುದು, ಎಲ್ಲಿಗೆ ಹೋಗ್ತಿದ್ದೀರಿ, ಮಧ್ಯೆ ಎಲ್ಲಿ ವಿಮಾನ ಬದಲಿಸ್ತೀರಿ, ಪಾಸ್‌ಪೋರ್ಟ್ ಯಾವಾಗ ಮುಗಿಯತ್ತೆ ಅಂತ ಹಾಕಿದ್ರೆ, ಈ ಪ್ರಯಾಣಿಕರಿಗೆ ಏನೇನು ದಾಖಲೆ ಬೇಕು ಅಂತ ಅದು ಹೇಳತ್ತೆ.

ಕೌಂಟರಿನವರು ಅಷ್ಟು ಬಿಗಿಯಾಗಿರೋದಕ್ಕೆ ಕಾರಣ ಇದೆ. ಸರಿಯಾದ ದಾಖಲೆ ಇಲ್ಲದವರನ್ನ ಕರೆದುಕೊಂಡು ಹೋದ್ರೆ ಆ ದೇಶ ದಂಡ ಹಾಕೋದು ವಿಮಾನ ಕಂಪನಿಗೆ. ಬ್ರಿಟನ್ನಿನಲ್ಲಿ ಇದು ಒಬ್ಬ ಪ್ರಯಾಣಿಕರಿಗೆ 2,000 ಪೌಂಡ್. ಅದರ ಮೇಲೆ ಆ ಪ್ರಯಾಣಿಕರನ್ನ ವಾಪಸ್ ಕರೆತರೋ ಹೊಣೆಯೂ ಅವರದ್ದೇ. ಹಾಗಾಗಿ ‘ಅಲ್ಲಿ ಹೋಗಿ ನಾನು ಮಾತಾಡ್ಕೋತೀನಿ ಸಾರ್, ಬಿಟ್ಟುಬಿಡಿ’ ಅಂದ್ರೆ ಅವರು ಬಿಡಲ್ಲ. ಆ ಹೊತ್ತಲ್ಲಿ ತೋರಿಸೋಕೆ ಕಾಗದ ಇದ್ರೆ ಇದೆ, ಇಲ್ಲದಿದ್ರೆ ಇಲ್ಲ.

ಪಾಸ್‌ಪೋರ್ಟ್: ಮುಗಿಯೋ ದಿನ ಅಲ್ಲ, ಅದಕ್ಕಿಂತ ಆರು ತಿಂಗಳು ಹಿಂದೆ

ದೊಡ್ಡವರ ಪಾಸ್‌ಪೋರ್ಟ್‌ಗೆ 10 ವರ್ಷ ಅವಧಿ. ಆದ್ರೆ ಕೊನೆಯ ಆರು ತಿಂಗಳು ಅದು ಹೆಚ್ಚುಕಮ್ಮಿ ಬರೀ ಐಡಿ ಕಾರ್ಡ್ ಇದ್ದ ಹಾಗೆ. ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾ, ಯುಎಇ ಇವೆಲ್ಲ ನೀವು ಅಲ್ಲಿಗೆ ತಲುಪೋ ದಿನದಿಂದ ಇನ್ನೂ 6 ತಿಂಗಳು ಅವಧಿ ಉಳಿದಿರಬೇಕು ಅಂತ ಕೇಳ್ತವೆ. ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ಬೇರೆ: ಅಲ್ಲಿಂದ ವಾಪಸ್ ಹೊರಡೋ ದಿನದ ನಂತರ 3 ತಿಂಗಳು ಉಳಿದಿರಬೇಕು, ಖಾಲಿ ಪುಟ ಕನಿಷ್ಠ 2 ಇರಬೇಕು. ಬ್ರಿಟನ್‌ಗೆ ನೀವು ಇರೋವಷ್ಟು ದಿನ ಅವಧಿ ಇದ್ರೆ ಸಾಕು. ದೇಶಕ್ಕೊಂದು ನಿಯಮ ಇರೋದ್ರಿಂದ, ಅವಧಿ ಒಂದು ವರ್ಷದೊಳಗೆ ಮುಗಿಯೋ ಹಾಗಿದ್ರೆ ಮೊದಲು ಪಾಸ್‌ಪೋರ್ಟ್ ಹೊಸದು ಮಾಡಿಸಿ, ಆಮೇಲೆ ಟಿಕೆಟ್ ನೋಡಿ. ಅವಧಿ ಮುಗಿಯೋಕೆ ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು.

36 ಪುಟದ ಪಾಸ್‌ಪೋರ್ಟ್‌ಗೆ ಸರ್ಕಾರಿ ಶುಲ್ಕ 1,500 ರೂಪಾಯಿ. ತತ್ಕಾಲ್ ಬೇಕಂದ್ರೆ ಅದರ ಮೇಲೆ 2,000. ಇದಕ್ಕಿಂತ ಜಾಸ್ತಿ ಕೇಳೋ ವೆಬ್‌ಸೈಟ್ ಕಂಡ್ರೆ ಅದು ಸರ್ಕಾರದ್ದಲ್ಲ. ಸರ್ಕಾರಿ ಸೈಟಿನ ವಿಳಾಸ ‘ಜಿಒವಿ ಡಾಟ್ ಇನ್’ ಅಂತ ಮುಗಿಯತ್ತೆ, ಅದನ್ನ ಮೊದಲು ನೋಡಿ. ಗೂಗಲ್‌ನಲ್ಲಿ ಮೇಲೆ ಬರೋದೆಲ್ಲ ಅಸಲಿ ಅಲ್ಲ.

ಇನ್ನೊಂದು ಸಣ್ಣ ವಿಷಯ. ಪಾಸ್‌ಪೋರ್ಟ್ ಹರಿದಿದ್ರೆ, ನೀರು ಬಿದ್ದು ಉಬ್ಬಿದ್ರೆ, ಫೋಟೊ ಇರೋ ಪುಟದ ಲ್ಯಾಮಿನೇಷನ್ ಕಿತ್ತು ಬಂದಿದ್ರೆ, ಅವಧಿ ಎಷ್ಟೇ ಇದ್ರೂ ನಿಮ್ಮನ್ನ ನಿಲ್ಲಿಸಬಹುದು. ಅದನ್ನ ತಿದ್ದೋಕೆ ಬರಲ್ಲ, ಹೊಸದೇ ಮಾಡಿಸಬೇಕು.

ಹೆಸರು ಅನ್ನೋ ನಮ್ಮ ದೊಡ್ಡ ತಲೆನೋವು

ಈಗ ಮುಖ್ಯ ಭಾಗಕ್ಕೆ ಬಂದೆವು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೆ ಎರಡು ಡಬ್ಬಿ ಇರತ್ತೆ: ಗಿವನ್ ನೇಮ್, ಸರ್‌ನೇಮ್. ಉತ್ತರ ಕರ್ನಾಟಕದವರಿಗೆ, ಕರಾವಳಿಯವರಿಗೆ ಇದು ಅಷ್ಟು ಕಷ್ಟ ಅಲ್ಲ. ಪಾಟೀಲ, ಹಿರೇಮಠ, ಕುಲಕರ್ಣಿ, ಶೆಟ್ಟಿ, ಹೀಗೆ ಅಡ್ಡಹೆಸರು ಇರತ್ತೆ. ಆದ್ರೆ ಹಳೇ ಮೈಸೂರು ಕಡೆಯ ನಮ್ಮಂಥವರಿಗೆ ಸರ್‌ನೇಮ್ ಎಲ್ಲಿದೆ? ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಅಷ್ಟೇ. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿರೋದು ನಮ್ಮೂರು ಕಡೂರು. ಹೊರದೇಶದ ಹೋಟೆಲ್ಲಲ್ಲಿ ನನ್ನನ್ನ ‘ಮಿಸ್ಟರ್ ಕಡೂರ್’ ಅಂತ ಕರೀತಾರೆ. ಒಂದು ಇಡೀ ತಾಲ್ಲೂಕಿನ ಪರವಾಗಿ ತಲೆಯಾಡಿಸಿ ಬರ್ತೀನಿ.

ತಮಾಷೆ ಇರಲಿ, ಒಂದು ಉದಾಹರಣೆ ಕಟ್ಟೋಣ. ಹುಡುಗನ ಹೆಸರು ಮಂಜುನಾಥ, ಊರು ಹೊಸದುರ್ಗ, ಅಪ್ಪ ಶಿವಣ್ಣ ಅಂದ್ಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ‘ಮಂಜುನಾಥ ಎಚ್ ಎಸ್’. ಆಧಾರ್‌ನಲ್ಲಿ ‘ಮಂಜುನಾಥ್ ಎಸ್’. ಡಿಗ್ರಿ ಸರ್ಟಿಫಿಕೇಟಲ್ಲಿ ‘ಎಚ್ ಎಸ್ ಮಂಜುನಾಥ’. ಪಾಸ್‌ಪೋರ್ಟ್‌ನಲ್ಲಿ ಗಿವನ್ ನೇಮ್ ‘ಮಂಜುನಾಥ’, ಸರ್‌ನೇಮ್ ‘ಹೊಸದುರ್ಗ ಶಿವಣ್ಣ’. ಮನೇಲಿ ಒಬ್ಬನೇ ಮಗ. ಕಾಗದದಲ್ಲಿ ನಾಲ್ಕು ಜನ!

ಇಂಗ್ಲಿಷ್ ಅಕ್ಷರದಲ್ಲಿ ಇದು ಇನ್ನೂ ಜಟಿಲ. ‘ಮಂಜುನಾಥ’ದ ಕೊನೆಗೆ ‘ಎ’ ಇದೆಯೋ ಇಲ್ಲವೋ, ‘ಲಕ್ಷ್ಮಿ’ಗೆ ‘ಎಕ್ಸ್’ ಹಾಕಿದ್ದಾರೋ ‘ಕೆಎಸ್‌ಎಚ್’ ಹಾಕಿದ್ದಾರೋ, ‘ಗೌಡ’ದಲ್ಲಿ ‘ಓಡಬ್ಲ್ಯು’ ಇದೆಯೋ ‘ಎಯು’ ಇದೆಯೋ. ಕನ್ನಡದಲ್ಲಿ ಓದಿದ್ರೆ ಎಲ್ಲ ಒಂದೇ. ಆದ್ರೆ ಹೋಲಿಸೋದು ಕನ್ನಡ ಬಲ್ಲವರಲ್ಲ, ಯಂತ್ರ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಬಾಣದ ಗುರುತುಗಳಿರೋ ಎರಡು ಸಾಲು ನೋಡಿದ್ದೀರಲ್ಲ? ಒಂದೊಂದು ಸಾಲಲ್ಲಿ 44 ಅಕ್ಷರದ ಜಾಗ. ಯಂತ್ರ ಓದೋದು ಅದನ್ನೇ. ನಿಮ್ಮ ಟಿಕೆಟ್, ವೀಸಾ, ವಿಮೆ ಎಲ್ಲಾ ಆ ಸಾಲಿಗೆ ಅಕ್ಷರಕ್ಕಕ್ಷರ ಹೊಂದಬೇಕು.

ಸರ್‌ನೇಮ್ ಡಬ್ಬಿ ಖಾಲಿ ಬಿಟ್ರೆ ಏನಾಗತ್ತೆ? ನಮ್ಮ ಸರ್ಕಾರ ಪಾಸ್‌ಪೋರ್ಟ್ ಕೊಡತ್ತೆ. ತೊಂದರೆ ಶುರುವಾಗೋದು ಆಮೇಲೆ. ಅಮೆರಿಕದ ವೀಸಾ ಬಂದ್ರೆ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಮೂರು ಅಕ್ಷರ ಕೂರತ್ತೆ. ‘ಮೊದಲ ಹೆಸರು ಗೊತ್ತಿಲ್ಲ’ ಅನ್ನೋದಕ್ಕೆ ಅವರ ಸಂಕೇತ ಅದು. ಅಲ್ಲಿನ ಬ್ಯಾಂಕ್, ಡ್ರೈವಿಂಗ್ ಲೈಸೆನ್ಸ್, ಕಾಲೇಜು, ಎಲ್ಲದರಲ್ಲೂ ಆ ‘ಎಫ್‌ಎನ್‌ಯು’ ನಿಮ್ಮ ಬೆನ್ನು ಬಿಡಲ್ಲ. ಯುಎಇ ಇನ್ನೂ ಖಡಕ್. 2022ರ ನವೆಂಬರ್‌ನಲ್ಲಿ, ಪಾಸ್‌ಪೋರ್ಟಲ್ಲಿ ಒಂದೇ ಪದದ ಹೆಸರಿದ್ರೆ ವಿಸಿಟ್ ವೀಸಾದ ಮೇಲೆ ಒಳಗೆ ಬಿಡಲ್ಲ ಅಂತ ಅಲ್ಲಿಂದ ಸೂಚನೆ ಬಂತು. ಆಮೇಲೆ, ಪಾಸ್‌ಪೋರ್ಟಿನ ಕೊನೆಯಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ರೆ ಒಪ್ತೀವಿ ಅಂತ ಸಡಿಲ ಮಾಡಿದ್ರು. ಹಾಗಂತ ಆ ಸಡಿಲಿಕೆಯನ್ನ ನಂಬಿಕೊಂಡು ಕೂರಬೇಡಿ. ಇನ್ನೂ ಪಾಸ್‌ಪೋರ್ಟ್ ಮಾಡಿಸದೇ ಇರೋರು ಎರಡೂ ಡಬ್ಬಿ ತುಂಬಿಸಿ.

ಟಿಕೆಟ್ ಬುಕ್ ಮಾಡುವಾಗಲೂ ಇದೇ ಪ್ರಶ್ನೆ. ವೆಬ್‌ಸೈಟ್ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಕೇಳತ್ತೆ. ಒಂದೇ ಹೆಸರಿರೋರಿಗೆ ಕೆಲವು ಕಂಪನಿಗಳು ಅದೇ ಹೆಸರನ್ನ ಎರಡು ಸಲ ಹಾಕಿ ಅಂತಾವೆ, ಕೆಲವು ಬೇರೆ ಸಂಕೇತ ಕೊಡ್ತವೆ. ನೀವಾಗಿ ಊಹಿಸಿ ಅಪ್ಪನ ಹೆಸರು ಸೇರಿಸಬೇಡಿ. ಆ ಕಂಪನಿಗೆ ಕೇಳಿ, ಅವರ ಉತ್ತರವನ್ನ ಇಮೇಲ್‌ನಲ್ಲಿ ತರಿಸಿಕೊಂಡು ಇಟ್ಟುಕೊಳ್ಳಿ.

ಹಾಗಾದ್ರೆ ಸರಿ ಮಾಡೋದು ಹೇಗೆ?

ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅಂದ್ರೆ ನೀವು ಅದೃಷ್ಟವಂತರು. ಎಸ್ಸೆಸ್ಸೆಲ್ಸಿ ಕಾರ್ಡನ್ನ ಬೇರು ಅಂತ ಇಟ್ಟುಕೊಳ್ಳಿ. ಅದರಲ್ಲಿರೋ ಸ್ಪೆಲಿಂಗ್, ಅದರಲ್ಲಿರೋ ಹುಟ್ಟಿದ ದಿನ. ಇನಿಶಿಯಲ್‌ಗಳನ್ನ ಪೂರ್ತಿ ಬಿಡಿಸಿ ಬರೆಯಿರಿ. ಆಧಾರ್ ಅದಕ್ಕೆ ಹೊಂದದಿದ್ರೆ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಅಪ್ಪ, ಅಮ್ಮನ ಹೆಸರೂ ಪಾಸ್‌ಪೋರ್ಟಿನಲ್ಲಿ ಬರತ್ತೆ, ಅದನ್ನೂ ಅವರ ದಾಖಲೆಯಲ್ಲಿ ಇರೋ ಹಾಗೇ ಬರೆಸಿ. ಮನೇಲಿ ಶಿವಣ್ಣ, ದಾಖಲೇಲಿ ಶಿವಪ್ಪ ಅಂತ ಇರೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಪಾಸ್‌ಪೋರ್ಟ್ ಆಗಲೇ ಇದೆ, ಡಿಗ್ರಿ ಸರ್ಟಿಫಿಕೇಟಿಗೂ ಅದಕ್ಕೂ ಇನಿಶಿಯಲ್ ವ್ಯತ್ಯಾಸ ಅಷ್ಟೇ ಅಂದ್ರೆ, ‘ಈ ಎರಡೂ ಹೆಸರು ಒಬ್ಬರದ್ದೇ’ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಅದು ಸಾಕೋ ಇಲ್ಲವೋ ಅಂತ ಯೂನಿವರ್ಸಿಟಿಗೆ ಮೊದಲೇ ಬರೆದು ಕೇಳಿ. ಸ್ಪೆಲಿಂಗೇ ಬೇರೆ ಅಂದ್ರೆ ಅಫಿಡವಿಟ್‌ನ ಮೇಲೆ ಭಾರ ಹಾಕಬೇಡಿ, ಪಾಸ್‌ಪೋರ್ಟನ್ನೇ ರೀ-ಇಶ್ಯೂ ಮಾಡಿಸಿ. ಮುದ್ರಿಸಿದ ಪುಸ್ತಕದಲ್ಲಿ ತಿದ್ದುಪಡಿ ಅಂತ ಇಲ್ಲ, ಹೊಸ ಪುಸ್ತಕ ಬರತ್ತೆ, ನಂಬರೂ ಹೊಸದು.

ಮದುವೆ ಆದವರಿಗೆ ಒಂದು ಮಾತು. ಮದುವೆ ಆದ್ಮೇಲೆ ಪಾಸ್‌ಪೋರ್ಟಲ್ಲಿ ಹೆಸರು ಬದಲಿಸಲೇಬೇಕು ಅಂತ ಕಾನೂನೇನಿಲ್ಲ. ಹುಟ್ಟಿನಿಂದ ಇರೋ ಹೆಸರಲ್ಲೇ ಓಡಾಡಬಹುದು. ಬದಲಿಸೋದೇ ಆದ್ರೆ ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಅರ್ಧಂಬರ್ಧ ಬೇಡ.

ಇನ್ನು ಮೊಮ್ಮಗುವನ್ನ ನೋಡೋಕೆ ಹೊರಟ ಅಪ್ಪ-ಅಮ್ಮಂದಿರ ಕತೆ. ಅವರ ಕಾಲದಲ್ಲಿ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಟ್ಟಿರ್ತಾರೆ, ಆಧಾರ್‌ನಲ್ಲಿ ಬರೀ ವರ್ಷ ಇರತ್ತೆ. ನೀವು ವೀಸಾ ಅರ್ಜಿ ತುಂಬುವಾಗ ‘ಅಮ್ಮ, ನಿಜವಾಗಿ ಯಾವತ್ತು ಹುಟ್ಟಿದ್ದು?’ ಅಂತ ಕೇಳಿ ಅದನ್ನ ಹಾಕಬೇಡಿ. ಪಾಸ್‌ಪೋರ್ಟಲ್ಲಿ ಏನಿದೆಯೋ ಅದೇ. ನಿಜವಾದ ಹುಟ್ಟುಹಬ್ಬ ಮನೇಲಿ ಆಚರಿಸಿ.

ವೀಸಾ ಬಂತು ಅಂತ ಖುಷಿಪಡೋ ಮುಂಚೆ ಓದಿ

ವೀಸಾ ಕೈಗೆ ಬಂದ ತಕ್ಷಣ ಸ್ಟೇಟಸ್ ಹಾಕ್ತೀವಿ. ಅದಕ್ಕಿಂತ ಮುಂಚೆ ಐದು ವಿಷಯ ನೋಡಿ: ಹೆಸರು, ಪಾಸ್‌ಪೋರ್ಟ್ ನಂಬರ್, ಶುರುವಾಗೋ ಮತ್ತು ಮುಗಿಯೋ ದಿನ, ಎಷ್ಟು ಸಲ ಒಳಗೆ ಹೋಗಬಹುದು, ಒಟ್ಟು ಎಷ್ಟು ದಿನ ಇರಬಹುದು. ವೀಸಾ ಅವಧಿ ಮತ್ತು ಇರಬಹುದಾದ ದಿನ ಎರಡೂ ಬೇರೆ ಬೇರೆ. ಷೆಂಗೆನ್ ವೀಸಾ ಆರು ತಿಂಗಳಿಗೆ ಕೊಟ್ಟಿದ್ರೂ, ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರೋ ಹಾಗಿಲ್ಲ.

ಷೆಂಗೆನ್ ಅರ್ಜಿಯನ್ನ ಪ್ರಯಾಣದ ದಿನಕ್ಕೆ 6 ತಿಂಗಳು ಮುಂಚಿನಿಂದ ಹಾಕಬಹುದು, ಕಡೇ ಗಡುವು 15 ದಿನ ಮುಂಚೆ. ಕಡೇ ಗಡುವಿನವರೆಗೆ ಕಾಯಬೇಡಿ, ಬೇಸಿಗೆ ರಜೆ ಸಮಯದಲ್ಲಿ ಅಪಾಯಿಂಟ್‌ಮೆಂಟೇ ಸಿಗಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚಿಗೆ ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ವಿಷಯ: ಅರ್ಜಿಗೆ ಎರಡು ದಿನ ಇರುವಾಗ ಮಾವನ ಅಕೌಂಟಿಂದ ಮೂರು ಲಕ್ಷ ಹಾಕಿಸಿಕೊಂಡ್ರೆ ವೀಸಾ ಅಧಿಕಾರಿಗೆ ಅದೇ ಮೊದಲು ಕಾಣೋದು. ದುಡ್ಡು ಕೊಡೋರು ಬೇರೆಯವರಾದ್ರೆ ಅದನ್ನ ಮುಚ್ಚಬೇಡಿ, ಅವರು ಸ್ಪಾನ್ಸರ್ ಅಂತ ಪತ್ರ ಕೊಡಿಸಿ, ಅವರ ಸ್ಟೇಟ್‌ಮೆಂಟನ್ನೂ ಲಗತ್ತಿಸಿ.

ಕೆಲವು ದೇಶಗಳಲ್ಲಿ ಈಗ ಸ್ಟಾಂಪೂ ಇಲ್ಲ, ಕಾರ್ಡೂ ಇಲ್ಲ. ಬ್ರಿಟನ್ ಪ್ಲಾಸ್ಟಿಕ್ ಕಾರ್ಡ್ ಕೈಬಿಟ್ಟು ಇ-ವೀಸಾಗೆ ಬದಲಾಗಿದೆ. ನಿಮ್ಮ ಅನುಮತಿ ಇರೋದು ಒಂದು ಆನ್‌ಲೈನ್ ಖಾತೆಯಲ್ಲಿ, ಅದು ಜೋಡಣೆ ಆಗಿರೋದು ನಿಮ್ಮ ಪಾಸ್‌ಪೋರ್ಟ್ ನಂಬರಿಗೆ. ಊರಿಗೆ ಬಂದಾಗ ಪಾಸ್‌ಪೋರ್ಟ್ ಹೊಸದು ಮಾಡಿಸಿದ್ರೆ, ವಾಪಸ್ ಹೋಗೋ ಮುಂಚೆ ಖಾತೆಯಲ್ಲಿ ಹೊಸ ನಂಬರ್ ಹಾಕಲೇಬೇಕು. ಅಮೆರಿಕದ ವೀಸಾ ಹಳೇ ಪಾಸ್‌ಪೋರ್ಟಲ್ಲೇ ಉಳಿದಿದ್ರೆ ಹಳೇದು, ಹೊಸದು ಎರಡೂ ಜೊತೇಲಿ ಇಟ್ಟುಕೊಳ್ಳಿ. ಹಳೇ ಪುಸ್ತಕ ಅಂತ ಊರಲ್ಲೇ ಬಿಟ್ಟು ಹೋದ್ರೆ ವೀಸಾವನ್ನೂ ಬಿಟ್ಟು ಹೋದ ಹಾಗೆ.

‘ವೀಸಾ ಬೇಡ’ ಅನ್ನೋ ದೇಶಕ್ಕೂ ಏನೂ ಬೇಡ ಅಂತಲ್ಲ. ಥಾಯ್ಲೆಂಡ್ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ ಮಾಡಿದೆ. ತಲುಪೋ ದಿನಕ್ಕೆ 3 ದಿನದ ಒಳಗೆ ಆನ್‌ಲೈನಲ್ಲಿ ತುಂಬಬೇಕು. ಮಲೇಷ್ಯಾಗೂ ಇಂಥದ್ದೇ ಇದೆ. ಎರಡೂ ಉಚಿತ. ದುಡ್ಡು ಕೇಳಿದ ಸೈಟ್ ನಕಲಿ ಅಂತ ತಿಳ್ಕೊಳ್ಳಿ. ಜೊತೆಗೆ ವಾಪಸ್ ಬರೋ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿರಲಿ. ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ತಗೊಂಡು ಮಧ್ಯದ ದೇಶದಲ್ಲಿ ಲಗೇಜ್ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡೋ ಹಾಗಿದ್ರೆ, ಆ ದೇಶದ ವೀಸಾ ಬೇಕಾಗಬಹುದು. ಉಳಿಸಿದ ದುಡ್ಡು ಅಲ್ಲೇ ಹೋಗತ್ತೆ.

ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ನಿಜ. ಆದ್ರೆ ವಿಮಾನದಲ್ಲಿ ಹೋಗೋ ಯುವಕರಿಗೆ ಆಧಾರ್ ನಡೆಯಲ್ಲ. ಪಾಸ್‌ಪೋರ್ಟ್ ಇಲ್ಲದಿದ್ರೆ ಚುನಾವಣಾ ಆಯೋಗದ ವೋಟರ್ ಐಡಿ ಬೇಕು.

ಓದೋಕೆ ಹೋಗೋರಿಗೆ: ಅಪಾಸ್ಟಿಲ್ ಅಂದ್ರೇನು?

ನಮ್ಮ ರಾಜ್ಯದ ಒಂದು ಡಿಗ್ರಿ ಸರ್ಟಿಫಿಕೇಟ್ ಅಸಲಿ ಅಂತ ಇಟಲಿಯ ಕಚೇರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ 1961ರಲ್ಲಿ ಹೇಗ್‌ನಲ್ಲಿ ಒಂದು ಒಪ್ಪಂದ ಆಯ್ತು. ಒಂದು ದೇಶದ ಸರ್ಕಾರ ಅಂಟಿಸಿದ ಅಪಾಸ್ಟಿಲ್ ಅನ್ನೋ ಪ್ರಮಾಣಪತ್ರವನ್ನ ಒಪ್ಪಂದದ ಬೇರೆ ದೇಶಗಳು ಒಪ್ಪಿಕೊಳ್ಳಬೇಕು ಅಂತ. ಭಾರತ ಇದರಲ್ಲಿ 2005ರಿಂದ ಇದೆ. ಸೌದಿ ಅರೇಬಿಯಾ 2022ರ ಕೊನೆಗೆ, ಚೀನಾ 2023ರಲ್ಲಿ, ಕೆನಡಾ 2024ರಲ್ಲಿ ಜಾರಿಗೆ ತಂದವು. ಹಾಗಂತ ಯಾವ ದೇಶಕ್ಕೆ ಯಾವ ಮುದ್ರೆ ಬೇಕು ಅನ್ನೋದನ್ನ ಏಜೆಂಟನ ಬಾಯಿಂದ ಕೇಳಬೇಡಿ. ಪ್ರವೇಶ ಕೊಟ್ಟ ಯೂನಿವರ್ಸಿಟಿ, ಆ ದೇಶದ ರಾಯಭಾರ ಕಚೇರಿ ಹೇಳೋದೇ ಅಂತಿಮ.

ಕ್ರಮ ಹೀಗಿರತ್ತೆ: ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್. ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಅದರ ಮೇಲೆ ಅವರು ನೇಮಿಸಿದ ಏಜೆನ್ಸಿಯ ಸೇವಾ ಶುಲ್ಕ. ಸಾವಿರಗಟ್ಟಲೆ ಕೇಳೋರು ಉಳಿದದ್ದನ್ನ ಓಡಾಟದ ಹೆಸರಲ್ಲಿ ತಗೋತಾರೆ. ದುಡ್ಡು ಕೊಡೋ ಮುಂಚೆ ಬಿಲ್ ಬಿಡಿಸಿ ಕೇಳಿ.

ಜರ್ಮನಿಗೆ ಹೊರಟವರಿಗೆ ಇನ್ನೂ ಎರಡು. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ ಬೇಕು, ಅಂದ್ರೆ ನಿಮ್ಮ ಅಂಕಪಟ್ಟಿಗಳನ್ನ ಅವರು ಪರಿಶೀಲಿಸಿ ಕೊಡೋ ಪತ್ರ. ಇನ್ನೊಂದು ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ ವರ್ಷಕ್ಕೆ 11,904 ಯೂರೋಗೆ ಏರಿತು. ಅರ್ಜಿ ಹಾಕೋ ವಾರ ಮತ್ತೊಮ್ಮೆ ಮೊತ್ತ ನೋಡಿಕೊಳ್ಳಿ. ಈ ಎರಡರಲ್ಲೂ ಹೆಸರು ಪಾಸ್‌ಪೋರ್ಟಿಗೆ ಹೊಂದಬೇಕು ಅಂತ ನಾನು ಮತ್ತೆ ಹೇಳಬೇಕಿಲ್ಲ ತಾನೇ?

ಕೆಲಸಕ್ಕೆ ಹೋಗೋರಿಗೆ: ಇಲ್ಲಿ ಕಾಗದ ಅಂದ್ರೆ ಜೀವ

ಕರಾವಳಿಯಿಂದ, ಕಲ್ಯಾಣ ಕರ್ನಾಟಕದಿಂದ ಗಲ್ಫ್‌ಗೆ ಹೋಗೋರು ಈ ಭಾಗ ದಯವಿಟ್ಟು ಎರಡು ಸಲ ಕೇಳಿ.

1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಕೆಲವರ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ ಸೇರತ್ತೆ. ಮುಖ್ಯವಾಗಿ ಎಸ್ಸೆಸ್ಸೆಲ್ಸಿ ಪಾಸಾಗದವರದ್ದು. ಇವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದ್ರೆ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಅವರ ಅನುಮತಿ ಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅದು ಆಗತ್ತೆ. ಜೊತೆಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಬರತ್ತೆ. ಇದೆಲ್ಲ ತೊಂದರೆ ಅಂತ ಅನ್ನಿಸಬಹುದು. ಆದ್ರೆ ಆ ಅನುಮತಿ ಸಿಗಬೇಕಾದ್ರೆ ನಿಮ್ಮ ಕೆಲಸ ಕೊಡೋರು ಯಾರು, ಸಂಬಳ ಎಷ್ಟು ಅನ್ನೋ ಕರಾರು ಸರ್ಕಾರದ ದಾಖಲೆಯಲ್ಲಿ ಇರಬೇಕಾಗತ್ತೆ. ನಾಳೆ ಸಂಬಳ ಕೊಡದಿದ್ರೆ ನಿಮ್ಮ ಪರ ಮಾತಾಡೋದು ಆ ಕರಾರೇ.

ಏಜೆಂಟ್ ಹೇಳೋ ಸುಲಭದ ದಾರಿ ಏನು ಗೊತ್ತಾ? ‘ಈಗ ವಿಸಿಟ್ ವೀಸಾದಲ್ಲಿ ಹೋಗು ತಮ್ಮಾ, ಅಲ್ಲಿ ಹೋದ್ಮೇಲೆ ಕೆಲಸದ ವೀಸಾ ಮಾಡಿಸ್ತೀವಿ.’ ಇದನ್ನ ಒಪ್ಪಿದ ದಿನವೇ ನೀವು ದಾಖಲೆಯಿಂದ ಮಾಯ ಆಗ್ತೀರಿ. ಕಾಗದದಲ್ಲಿ ನೀವು ಪ್ರವಾಸಿ, ನಿಜದಲ್ಲಿ ಕೂಲಿ. ಕೈಗೆ ಏಟಾದ್ರೆ, ಸಂಬಳ ನಿಂತ್ರೆ, ದೂರು ಕೊಡೋಕೆ ಹೋದ್ರೆ ಮೊದಲು ಸಿಕ್ಕಿಬೀಳೋರು ನೀವೇ.

ಡಿಗ್ರಿ ಓದಿದವರೂ ಇದರಿಂದ ಹೊರತಲ್ಲ. ‘ಥಾಯ್ಲೆಂಡಲ್ಲಿ ಡೇಟಾ ಎಂಟ್ರಿ ಕೆಲಸ, ಒಳ್ಳೇ ಸಂಬಳ’ ಅಂತ ಟೆಲಿಗ್ರಾಮ್‌ನಲ್ಲಿ ಬಂದ ಮೆಸೇಜ್ ನಂಬಿ ಹೋದ ಎಷ್ಟೋ ಭಾರತೀಯ ಯುವಕರನ್ನ ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ್ರು. 2025ರ ಮಾರ್ಚ್‌ನಲ್ಲಿ ಐನೂರಕ್ಕೂ ಹೆಚ್ಚು ಜನರನ್ನ ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತರಬೇಕಾಯ್ತು. ಹಾಗಾಗಿ ಕೇಳಲೇಬೇಕಾದ ಪ್ರಶ್ನೆ ಮೂರು: ನೇಮಕಾತಿ ಏಜೆಂಟ್ ಇ-ಮೈಗ್ರೇಟ್‌ನಲ್ಲಿ ನೋಂದಣಿ ಆಗಿದ್ದಾನಾ? ಕರಾರು ಬರಹದಲ್ಲಿ ಇದೆಯಾ? ವೀಸಾ ಮೇಲೆ ಬರೆದಿರೋದು ಕೆಲಸ ಅಂತಲಾ, ಪ್ರವಾಸ ಅಂತಲಾ? ಒಂದಕ್ಕೆ ಉತ್ತರ ಸರಿ ಇಲ್ಲ ಅಂದ್ರೂ ಹೊರಡಬೇಡಿ.

ಇನ್ನೊಂದು. ಅಲ್ಲಿ ಯಾರಾದ್ರೂ ‘ಪಾಸ್‌ಪೋರ್ಟ್ ನಮ್ಮ ಹತ್ರ ಇರಲಿ’ ಅಂದ್ರೆ ನೆನಪಿಡಿ: 1967ರ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಧಣಿ ಅದನ್ನ ಒತ್ತೆ ಇಟ್ಟುಕೊಳ್ಳೋ ಹಾಗಿಲ್ಲ. ಇಟ್ಟುಕೊಂಡ್ರೆ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ.

ಲಸಿಕೆ, ಮಾತ್ರೆ ಮತ್ತು ಗಸಗಸೆ

ಕೀನ್ಯಾ, ಉಗಾಂಡಾದಂಥ ದೇಶಕ್ಕೆ ಹೋಗಿಬರೋರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಲಸಿಕೆ ಹಾಕಿಸಿದ 10 ದಿನದ ಮೇಲೆ ಅದು ಊರ್ಜಿತ, ಹಾಗಾಗಿ ಹೊರಡೋ ಹಿಂದಿನ ದಿನ ಹಾಕಿಸಿದ್ರೆ ಪ್ರಯೋಜನ ಇಲ್ಲ. 2016ರಿಂದ ಒಮ್ಮೆ ಹಾಕಿಸಿದ್ರೆ ಜೀವನಪೂರ್ತಿ ನಡೆಯತ್ತೆ. ಅದಿಲ್ಲದೆ ವಾಪಸ್ ಬಂದ್ರೆ ನಮ್ಮ ದೇಶದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಮಾತ್ರೆ ತಗೊಳ್ಳೋರು ಡಾಕ್ಟರ್ ಚೀಟಿ ಇಂಗ್ಲಿಷಲ್ಲಿ, ಔಷಧದ ಮೂಲ ಹೆಸರು ಇರೋ ಹಾಗೆ ಬರೆಸಿಕೊಳ್ಳಿ. ಟ್ರಮಡಾಲ್, ಕೋಡೀನ್ ಇರೋ ಔಷಧಿಗಳಿಗೆ ಯುಎಇಯಲ್ಲಿ ಮೊದಲೇ ಅನುಮತಿ ಬೇಕು. ಇನ್ನು ಗಸಗಸೆ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆ ಪೊಟ್ಟಣದಲ್ಲಿ ಗಸಗಸೆ ಇದ್ರೆ ಯುಎಇಯಲ್ಲಿ ಅದು ನಿಷೇಧಿತ ವಸ್ತು. ಪಾಯಸ ಅಂತ ವಾದ ಮಾಡೋಕೆ ಆಗಲ್ಲ. ಮನೇಲೇ ತೆಗೆದಿಡಿ.

ಫೋನಲ್ಲಿದೆ ಅಂತ ಸುಮ್ನಿರಬೇಡಿ

ನಾವೆಲ್ಲ ಫೋನ್ ನಂಬಿ ಬದುಕೋರು. ಆದ್ರೆ ಇಳಿದ ದೇಶದಲ್ಲಿ ಸಿಮ್ ಇರಲ್ಲ, ಏರ್‌ಪೋರ್ಟ್ ವೈಫೈಗೆ ಒಟಿಪಿ ಬೇಕು, ಒಟಿಪಿಗೆ ಸಿಮ್ ಬೇಕು. ಚಾರ್ಜ್ 3 ಪರ್ಸೆಂಟ್. ಅದಕ್ಕೇ ವೀಸಾ, ವಾಪಸ್ ಟಿಕೆಟ್, ವಿಮೆ, ಉಳಿಯೋ ಜಾಗದ ವಿಳಾಸ, ಆಫರ್ ಲೆಟರ್ ಇಷ್ಟನ್ನ ಪ್ರಿಂಟ್ ತೆಗೆದು ಕೈಚೀಲದಲ್ಲಿ ಇಡಿ, ಚೆಕ್-ಇನ್ ಸೂಟ್‌ಕೇಸ್‌ನಲ್ಲಿ ಅಲ್ಲ. ಅವೇ ಕಾಗದಗಳ ಸ್ಕ್ಯಾನ್ ಇಮೇಲ್‌ನಲ್ಲೊಂದು, ಮನೆಯವರ ಹತ್ತಿರ ಒಂದು. ಪಾಸ್‌ಪೋರ್ಟ್ ಫೋಟೊ ನಾಲ್ಕು ಜಾಸ್ತಿ ಇರಲಿ.

ಪಾಸ್‌ಪೋರ್ಟ್ ಕಳೆದುಹೋದ್ರೆ ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ತಗೊಂಡು ಭಾರತೀಯ ರಾಯಭಾರ ಕಚೇರಿಗೆ ಹೋಗಿ. ತುರ್ತಾಗಿ ಊರಿಗೆ ಬರಬೇಕಿದ್ರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ. ಅದು ಭಾರತಕ್ಕೆ ಒಂದು ಸಲ ಬರೋಕೆ ಮಾತ್ರ. ಆ ಹೊತ್ತಲ್ಲಿ ಹಳೇ ಪಾಸ್‌ಪೋರ್ಟಿನ ಸ್ಕ್ಯಾನ್ ಇದ್ರೆ ಅರ್ಧ ಕೆಲಸ ಮುಗಿದ ಹಾಗೆ.

ಯಾವಾಗ ಏನು?

ಕೊನೇದಾಗಿ ಒಂದು ಕ್ಯಾಲೆಂಡರ್. ಒಂದು ವರ್ಷ ಮುಂಚೆ: ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಅವಧಿ ಸರಿ ಮಾಡಿಸೋದು. ಆರು ತಿಂಗಳು ಮುಂಚೆ: ಸರ್ಟಿಫಿಕೇಟ್ ದೃಢೀಕರಣ, ಬ್ಯಾಂಕ್ ದಾಖಲೆ. ಮೂರು ತಿಂಗಳು ಮುಂಚೆ: ವೀಸಾ ಅರ್ಜಿ. ಒಂದು ತಿಂಗಳು ಮುಂಚೆ: ಲಸಿಕೆ, ವಿಮೆ. ಮೂರು ದಿನ ಮುಂಚೆ: ಅರೈವಲ್ ಕಾರ್ಡ್, ಪ್ರಿಂಟ್. ಟ್ರಿಪ್ ಹೋಗೋರಿಗೆ ಇದನ್ನ ಇನ್ನೂ ಚಿಕ್ಕದು ಮಾಡಬಹುದು, ಓದೋರು ಮತ್ತು ಕೆಲಸಕ್ಕೆ ಹೋಗೋರು ಮಾಡಬೇಡಿ. ನಿಯಮಗಳು ಬದಲಾಗ್ತಾನೇ ಇರ್ತವೆ, ಆದ್ದರಿಂದ ನಾನು ಹೇಳಿದ ಅಂಕಿಗಳನ್ನೂ ಅರ್ಜಿ ಹಾಕೋ ದಿನ ಆಯಾ ದೇಶದ ಅಧಿಕೃತ ಸೈಟಲ್ಲಿ ಇನ್ನೊಮ್ಮೆ ನೋಡಿ.

ವಿದೇಶಕ್ಕೆ ಹೋಗೋ ಯೋಚನೆಯೇ ಈಗ ಇಲ್ಲ ಅನ್ನೋರಿಗೂ ಒಂದು ಕೆಲಸ ಕೊಡ್ತೀನಿ. ಇವತ್ತು ರಾತ್ರಿ ಎಸ್ಸೆಸ್ಸೆಲ್ಸಿ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಇದ್ರೆ ಅದನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಹೆಸರನ್ನ ಒಂದೊಂದೇ ಅಕ್ಷರ ಓದಿ. ಅಪ್ಪ, ಅಮ್ಮನ ಹೆಸರನ್ನೂ ಓದಿ. ವ್ಯತ್ಯಾಸ ಕಂಡ್ರೆ ಗಾಬರಿ ಬೇಡ, ಟಿಕೆಟ್ ಕೈಯಲ್ಲಿ ಇಲ್ಲದಿರುವಾಗ ತಿದ್ದೋದು ತುಂಬಾ ಸುಲಭ.

ಪ್ರಶ್ನೆ ಇದ್ರೆ ಕಳಿಸಿ. ಆದ್ರೆ ಪಾಸ್‌ಪೋರ್ಟಿನ ಫೋಟೊ ತೆಗೆದು ಮಾತ್ರ ಕಳಿಸಬೇಡಿ, ನಮಗೂ ಬೇಡ, ಬೇರೆ ಯಾರಿಗೂ ಬೇಡ.